ರೋಗಿಯನ್ನು ಒಳಗೆ ಕರೆಯಿರಿ

ಡಾಕ್ಟರ ಕೋಣೆಯೊಳಗೆ ಮಗ, ಅಳಿಯ. ಹೊರಗಿನ ಬೆಂಚಿನ ಮೇಲೆ ರೋಗಿ. ‘ಅಪ್ಪನಿಗೆ ಏನೂ ಹೇಳ್ಬೇಡಿ ಡಾಕ್ಟ್ರೇ’ ಅನ್ನುವುದು ಪ್ರೀತಿಯಿಂದಲೇ. ಆದರೆ ಮೂರು ವಾರಕ್ಕೊಮ್ಮೆ ಕೀಮೊ ಹಾಕಿಸಿಕೊಂಡು ಕೂದಲು ಉದುರಿದವರಿಗೆ ತಮಗೇನಾಗಿದೆ ಎಂಬ ಸುಳಿವು ಸಿಕ್ಕೇ ಇರುತ್ತದೆ. ಬಾಯಿಬಿಟ್ಟು ಮಾತಾಡಲು ಮಾತ್ರ ಯಾರೂ ಇರುವುದಿಲ್ಲ. ಕ್ಯಾನ್ಸರ್ ನಾಲ್ಕನೇ ಹಂತದಲ್ಲಿದ್ದಾಗ ಅವರನ್ನು ಮಾತಿಗೆ ಸೇರಿಸಿಕೊಳ್ಳುವುದು ಹೇಗೆ?

ಮೊದಲು ಮನೆಯಲ್ಲೇ ಕೇಳಿ: ‘ಡಾಕ್ಟ್ರು ಹೇಳೋದನ್ನ ನೀವೇ ಕೇಳ್ತೀರಾ, ನಾವು ಕೇಳ್ಕೊಂಡು ಬರೋದಾ?’ ‘ನೀವೇ ನೋಡ್ಕೊಳ್ಳಿ’ ಅಂದರೆ ಅದೂ ಅವರದೇ ತೀರ್ಮಾನ. ಪ್ರತಿ ಸ್ಕ್ಯಾನ್ ಆದಾಗಲೂ ಮತ್ತೊಮ್ಮೆ ಕೇಳಿ, ಮನಸ್ಸು ಬದಲಾಗಿರಬಹುದು.

ಆಮೇಲೆ ಅವರಿಗೇನು ಬೇಕು ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಮೊಮ್ಮಗಳ ಮದುವೆಗೆ ಓಡಾಡುವಷ್ಟು ಶಕ್ತಿ ಇರಬೇಕು, ಅಡಿಕೆ ಕೊಯ್ಲಿಗೆ ತೋಟದಲ್ಲಿರಬೇಕು, ನನಗೋಸ್ಕರ ಮನೆ ಅಡ ಇಡಬೇಡಿ. ಯಾವ ಔಷಧ ಕೊಡಬೇಕೆಂದು ಯೋಚಿಸುವ ಡಾಕ್ಟರಿಗೆ ಈ ಚೀಟಿಯೂ ಬೇಕು.

ಕೋಣೆಯಲ್ಲಿ ಕುರ್ಚಿ ರೋಗಿಗೆ, ಬರೆದುಕೊಳ್ಳುವ ಕೆಲಸ ನಿಮಗೆ. ಡಾಕ್ಟರನ್ನು ಕೇಳಿ: ಈ ಚಿಕಿತ್ಸೆ ರೋಗ ವಾಸಿ ಮಾಡಲೋ, ಹತೋಟಿಯಲ್ಲಿಡಲೋ, ಬರೀ ನೋವು ತಗ್ಗಿಸಲೋ? ತಿಂಗಳಲ್ಲಿ ಎಷ್ಟು ದಿನ ಆಸ್ಪತ್ರೆ ಪಾಲು? ಫಲ ಸಿಗುತ್ತಿದೆಯೆಂದು ಯಾವಾಗ ತಿಳಿಯುತ್ತದೆ, ಮಧ್ಯೆ ನಿಲ್ಲಿಸಬಹುದೇ? ತೆಗೆದುಕೊಳ್ಳದೇ ಇದ್ದರೆ? ಕೊನೆಯದನ್ನು ಕೇಳಲು ಬಹಳ ಮಂದಿ ಅಂಜುತ್ತಾರೆ. ಅದನ್ನೇ ಮೊದಲು ಕೇಳಬೇಕು ಎಂಬುದು ನನ್ನ ಅಭಿಪ್ರಾಯ.

ಒಪ್ಪಿಗೆ ಪತ್ರಕ್ಕೆ ಮನೆಯವರು ಸಹಿ ಹಾಕಿದರೆ ಸಾಕೆಂಬ ನಂಬಿಕೆಯಿದೆ. ಬುದ್ಧಿ ಸ್ವಾಧೀನದಲ್ಲಿರುವ ವಯಸ್ಕರ ಪರವಾಗಿ, ತುರ್ತು ಸಂದರ್ಭ ಅಲ್ಲದಿದ್ದರೆ, ತಾಯಿ ಕೊಟ್ಟ ಒಪ್ಪಿಗೆಯೂ ನಡೆಯದು ಎಂದು ಸುಪ್ರೀಂ ಕೋರ್ಟ್ 2008ರಲ್ಲೇ ಹೇಳಿದೆ. ಇನ್ನೊಬ್ಬ ತಜ್ಞರನ್ನು ಕಾಣಬೇಕೇ? ಚಿಕಿತ್ಸೆಯ ದಾಖಲೆ ಕೊಡಿ ಎಂದು ಆಸ್ಪತ್ರೆಗೆ ಬರೆದುಕೊಡಿ. ವೈದ್ಯಕೀಯ ಮಂಡಳಿಯ 2002ರ ನಿಯಮದ ಪ್ರಕಾರ 72 ಗಂಟೆಯೊಳಗೆ ಕೊಡಬೇಕು.

ನೋವು, ಸಂಕಟ ತಗ್ಗಿಸುವ ಉಪಶಮನ ಆರೈಕೆ (ಪ್ಯಾಲಿಯೇಟಿವ್ ಕೇರ್) ಎಂದರೆ ಕೈಚೆಲ್ಲುವುದು ಅಂದುಕೊಂಡವರೇ ಹೆಚ್ಚು. ಶ್ವಾಸಕೋಶದ ಕ್ಯಾನ್ಸರ್ ಹರಡಿದ್ದವರಿಗೆ ಆರಂಭದಿಂದಲೇ ಚಿಕಿತ್ಸೆಯ ಜೊತೆ ಈ ಆರೈಕೆಯನ್ನೂ ಕೊಟ್ಟು ನೋಡಿದ ಬಾಸ್ಟನ್ನಿನ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಅವರು ಹೆಚ್ಚು ನೆಮ್ಮದಿಯಿಂದಿದ್ದರು. ಬರೀ ಚಿಕಿತ್ಸೆ ಪಡೆದವರಿಗಿಂತ ಸರಾಸರಿ ಎರಡೂವರೆ ತಿಂಗಳಿಗೂ ಜಾಸ್ತಿ ಬದುಕಿದರು ಕೂಡ. ನೋವು ತಡೆಯಲಾಗದಿದ್ದರೆ ಮಾರ್ಫಿನ್ ಬಗ್ಗೆ ಕೇಳಲು ಹಿಂಜರಿಯಬೇಡಿ. ಬೆಂಗಳೂರಿನ ಕರುಣಾಶ್ರಯ ಎಂಬ ಸಂಸ್ಥೆಯಲ್ಲಿ ಉಪಶಮನ ಆರೈಕೆಗೆ ಹಣ ತೆಗೆದುಕೊಳ್ಳುವುದಿಲ್ಲ.

ಉಳಿದದ್ದು ಮಾತಾಡಲಾಗದ ದಿನದ ಮಾತು. ವೆಂಟಿಲೇಟರ್ ಬೇಕೋ ಬೇಡವೋ ಎಂದು ರೋಗಿ ಮುಂಚೆಯೇ ಬರೆದಿಡಬಹುದು. 2018ರ ಸುಪ್ರೀಂ ಕೋರ್ಟ್ ತೀರ್ಪು ಇದಕ್ಕೆ ಹಾಕಿದ್ದ ಕಟ್ಟುನಿಟ್ಟು 2023ರಲ್ಲಿ ಸಡಿಲಾಯಿತು: ಇಬ್ಬರು ಸಾಕ್ಷಿಗಳು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಸಾಕು. ಕರ್ನಾಟಕ ಸರ್ಕಾರವೂ ಈ ಬಗ್ಗೆ 2025ರ ಜನವರಿಯಲ್ಲಿ ಸುತ್ತೋಲೆ ಹೊರಡಿಸಿತು. ಪತ್ರವನ್ನು ಬೀರುವಿನಲ್ಲಿಟ್ಟು ಬೀಗ ಹಾಕಬೇಡಿ. ಒಂದು ಪ್ರತಿ ಆಸ್ಪತ್ರೆಯ ಫೈಲಿನಲ್ಲೇ ಇರಲಿ.