ಕಲ್ಲುಗುಡ್ಡದ ಪಿಕಳಾರ, ಹೊಂಡದ ಸಾಲಮ್ಯಾಂಡರ್

ಬೇಲಿ ಮೇಲೆ ಕೂತು ಕೂಗೋ, ಬಾಲದ ಬುಡ ಕೆಂಪಗಿರೋ ಪಿಕಳಾರ ಎಲ್ಲರಿಗೂ ಗೊತ್ತು. ಅದರ ದಾಯಾದಿ ಒಂದು ನಮ್ಮ ಮಧುಗಿರಿ ಬೆಟ್ಟದಲ್ಲಿದೆ, ಹಳದಿ ಕೊರಳಿನ ಪಿಕಳಾರ. ತಲೆ, ಗಂಟಲು ಹಳದಿ, ಎದೆ ಬೂದು, ಬಾಲದ ಬುಡವೂ ಹಳದಿ. ಬಿಳಿ ಹುಬ್ಬಿನ ಪಿಕಳಾರವೂ ಅಂಥದ್ದೇ ಪೊದೆಗಳಲ್ಲಿರುತ್ತೆ, ಹುಬ್ಬು ನೋಡಿ ಗುರುತು ಹಿಡೀಬೇಕು. ಕೊರಟಗೆರೆ ಪಕ್ಕದ ದೇವರಾಯನದುರ್ಗ, ನಂದಿ ಬೆಟ್ಟದಲ್ಲೂ ಇದು ಉಂಟು. ದಕ್ಷಿಣ ಭಾರತ ಬಿಟ್ಟರೆ ಪ್ರಪಂಚದಲ್ಲಿ ಇನ್ನೆಲ್ಲೂ ಇಲ್ಲ. ಅಪಾಯಕ್ಕೆ ಸಿಕ್ಕಿದ ಜೀವಿಗಳ ಕೆಂಪು ಪಟ್ಟಿಗೆ ಸೇರಿದೆ.

ಅದೇ ಪಟ್ಟಿಯಲ್ಲಿರುವ ಇನ್ನೊಂದು ಜೀವಿ ಡಾರ್ಜಿಲಿಂಗ್ ಕಡೆಯ ಸಾಲಮ್ಯಾಂಡರ್. ಕಪ್ಪೆಯ ನೆಂಟ, ಆದರೆ ನೋಡೋಕೆ ಹಲ್ಲಿ ಥರ. ಇದನ್ನು ಪಕ್ಕದಲ್ಲಿಟ್ಟು ನೋಡಿದರೆ ನಮ್ಮ ಹಕ್ಕಿಯ ಕಷ್ಟ ಬೇಗ ತಿಳಿಯುತ್ತೆ. ಸಾಲಮ್ಯಾಂಡರ್ ಮಳೆಗಾಲದಲ್ಲಿ ಹೊಂಡಕ್ಕಿಳಿದು ಮೊಟ್ಟೆ ಇಡುತ್ತೆ. ಮಿಕ್ಕ ಕಾಲ ಕಲ್ಲು, ಕೊಳೆತ ಎಲೆಯ ಅಡಿಯಲ್ಲಿ. ಹೊಂಡ ಮುಚ್ಚಿದರೆ, ಮೀನು ಬಿಟ್ಟರೆ, ಚಹಾ ತೋಟದ ಔಷಧ ಹರಿದು ಬಂದರೆ ಅದರ ಸಂತಾನಕ್ಕೆ ಕುತ್ತು. ಚರ್ಮದಿಂದಲೇ ನೀರು ಹೀರುವ ಪ್ರಾಣಿ, ವಿಷವೂ ಹಾಗೇ ಒಳಗೆ ಹೋಗುತ್ತೆ. ಅಲ್ಲಿ ಜೋರ್‌ಪೋಖ್ರಿ ಅನ್ನೋ ಕಡೆ 1985ರಲ್ಲಿ ಇದಕ್ಕಾಗಿ ಪುಟ್ಟ ಅಭಯಾರಣ್ಯವನ್ನೇ ಮಾಡಿದರು.

ಹೊಂಡ ಬತ್ತಿದ್ದು ಯಾರಿಗಾದರೂ ಕಾಣುತ್ತೆ. ಗುಡ್ಡ ಬೋಳಾದದ್ದು ನಮಗೆ ಕಾಣೋದಿಲ್ಲ, ಯಾಕಂದ್ರೆ 'ಬರೀ ಕಲ್ಲು' ಅಂತ ಮೊದಲೇ ಲೆಕ್ಕದಿಂದ ಬಿಟ್ಟಿರ್ತೀವಿ. ಬಂಡೆ ಸಂದಿನ ಕಾರೆ, ಕವಳೆ, ಗೋಣಿ ಮರ, ಇವುಗಳ ಹಣ್ಣು ಮತ್ತೆ ಹುಳುಹುಪ್ಪಟೆ ಈ ಹಕ್ಕಿಯ ಊಟ. ಕಲ್ಲು ಗಣಿ ಬಂದರೆ ಬಂಡೆ, ಪೊದೆ ಒಟ್ಟಿಗೇ ಹೋಯ್ತು.

'ರೆಕ್ಕೆ ಇದೆಯಲ್ಲ, ಹಾರಿ ಹೋಗುತ್ತೆ ಬಿಡ್ರಿ' ಅಂತಾರೆ ನಮ್ಮೂರಲ್ಲಿ. ಎಲ್ಲಿಗೆ? ಬಯಲಲ್ಲಿ ನಮ್ಮ ರಾಗಿ, ಕಡ್ಲೇಕಾಯಿ ಹೊಲ, ಅಲ್ಲಿ ಅದು ಬಾಳೋದಿಲ್ಲ. ನೀರಿನ ನಡುವೆ ದ್ವೀಪ ಇದ್ದ ಹಾಗೆ ಒಂದೊಂದು ಗುಡ್ಡ.

ಇನ್ನು ಬೆಂಕಿ. ಮಳೆ ಬಿದ್ದಾಗ ಎಳೇ ಹುಲ್ಲು ಬರಲಿ ಅಂತ ಬೇಸಿಗೆಯಲ್ಲಿ ಗುಡ್ಡಕ್ಕೆ ಕಡ್ಡಿ ಗೀರೋರು ಇದ್ದಾರೆ. ಹುಲ್ಲೇನೋ ಬರುತ್ತೆ. ವರ್ಷವರ್ಷವೂ ಸುಟ್ಟರೆ ಕಾರೆ, ಕವಳೆ ಚಿಗುರಿ ಹಣ್ಣು ಬಿಡೋ ಹೊತ್ತಿಗೆ ಮತ್ತೆ ಬೆಂಕಿ. ನಾನು ಸಂಕ್ರಾಂತಿ ಕಳೆದ ಮೇಲೆ ಗುಡ್ಡಕ್ಕೆ ತಾಗಿದ ನನ್ನ ಹೊಲದಂಚಿನ ಒಣಹುಲ್ಲು ಕೊಯ್ದು ದನಕ್ಕೆ ಹಾಕ್ತೀನಿ, ಎರಡಾಳು ಅಗಲ ಬರಿನೆಲ ಬಿಡ್ತೀನಿ. ಹೊಲದ ಕಡೆಯಿಂದ ಕಿಡಿ ಗುಡ್ಡ ಹತ್ತೋದು ಕಷ್ಟ, ಗುಡ್ಡದ ಬೆಂಕಿ ಹುಲ್ಲಿನ ಬಣವೆಗೆ ಬರೋದೂ ಕಷ್ಟ.

ಶಿರಾ, ಪಾವಗಡದ ಕಲ್ಲುಗುಡ್ಡಗಳ ಬುಡದಲ್ಲಿರೋರು ಬೆಳಗಿನ ಹೊತ್ತು ಸ್ವಲ್ಪ ನೋಡಿ. ಕಂಡರೆ ಗುಡ್ಡದ ಹೆಸರು, ತಿಂಗಳು, ಯಾವ ಗಿಡದ ಹಣ್ಣು ತಿಂತಿತ್ತು ಅನ್ನೋದನ್ನ ಒಂದು ಕಾರ್ಡಿನಲ್ಲಿ ಪತ್ರಿಕೆಗೆ ಬರೀರಿ.