ಕಾಲು ನಡೆಯುತ್ತಿತ್ತು, ಅಂಕಿ ತಡವರಿಸುತ್ತಿತ್ತು

ಸೋಲೂರು ಪಕ್ಕದ ಹಳ್ಳಿಯೊಂದರ ಹಾಲಿನ ಡೇರಿಯಲ್ಲಿ ನಾನು ಕಾರ್ಯದರ್ಶಿ. ನನಗೆ ಮಲ್ಟಿಪಲ್ ಸ್ಕ್ಲೆರೋಸಿಸ್, ಅಂದರೆ ಎಂಎಸ್, ಇದೆಯೆಂದು ಗೊತ್ತಾದ ಮೇಲೆ ಎಲ್ಲರ ಕಣ್ಣೂ ನನ್ನ ಕಾಲಿನ ಮೇಲೆ. ಎಡಗಣ್ಣು ಮಂಜಾಗಿ ಶುರುವಾದ ಕಾಯಿಲೆ ಅದು. ಕಣ್ಣು ತಿಳಿಯಾಯಿತು, ಕಾಲಿನ ಜೋಮೂ ಇಳಿಯಿತು. "ಚೆನ್ನಾಗ್ ಓಡಾಡ್ತಾಳಲ್ಲ, ಇನ್ನೇನಾಗೈತೆ?" ಎಂದರು ನೆಂಟರು.

ಎಡವಟ್ಟು ಕಾಣಿಸಿಕೊಂಡದ್ದು ಬೆಳಗಿನ ಹಾಲಿನ ಸರದಿಯಲ್ಲಿ. ಒಬ್ಬರು ತಮ್ಮ ನಂಬರು ಕೂಗುತ್ತಾರೆ, ಮಿಷನ್ನು ಹಾಲಿನ ಫ್ಯಾಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟ ಘನಾಂಶ) ತೋರಿಸುತ್ತದೆ, ಅಷ್ಟರಲ್ಲಿ ಹಿಂದಿನಿಂದ ಇನ್ನೊಬ್ಬರು "ಅಕ್ಕಾ, ಬಟವಾಡೆ ಯಾವಾಗ?" ಅನ್ನುತ್ತಾರೆ. ಹಿಂದೆಲ್ಲ ಕೈ ಬರೆಯುತ್ತಿರುವಾಗಲೇ ಬಾಯಿ ಉತ್ತರ ಕೊಡುತ್ತಿತ್ತು. ಆಮೇಲೆ, ಪ್ರಶ್ನೆ ಕಿವಿಗೆ ಬಿದ್ದದ್ದೇ ತಡ, ತಲೆಯಲ್ಲಿದ್ದ ಅಂಕಿ ಮಾಯ. ಅದೇ ನಾನು ಮಧ್ಯಾಹ್ನ ಒಬ್ಬಳೇ ಕೂತರೆ ತಿಂಗಳ ಲೆಕ್ಕ ಪೈಸೆ ಬಿಡದೆ ತಾಳೆಯಾಗುತ್ತಿತ್ತು. "ಯೋಚ್ನೆ ಜಾಸ್ತಿ ಆಗೈತೆ ಕಣಮ್ಮ" ಎಂದು ಅತ್ತೆ ಸಮಾಧಾನ ಹೇಳಿದರು.

ಇದನ್ನು ಹೇಳಿಕೊಂಡಾಗ ನಿಮ್ಹಾನ್ಸ್ ಆಸ್ಪತ್ರೆಯಲ್ಲಿ ಒಂದು ಹಾಳೆ ಮುಂದಿಟ್ಟರು. ಮೇಲಿನ ಸಾಲಿನಲ್ಲಿ ಒಂಬತ್ತು ಗುರುತು, ಒಂದೊಂದಕ್ಕೂ ಒಂದು ಅಂಕಿ. ಕೆಳಗೆ ಸಾಲುಸಾಲಾಗಿ ಬರೀ ಗುರುತುಗಳು. ಯಾವುದಕ್ಕೆ ಯಾವ ಅಂಕಿ ಎಂದು 90 ಸೆಕೆಂಡು ಹೇಳುತ್ತಾ ಹೋಗಬೇಕು. ನಾನು ಹೇಳಿದ್ದೆಲ್ಲ ಸರಿಯಿತ್ತು. ಹೇಳಲು ಆಗಿದ್ದೇ ಕಡಿಮೆ. ಬುದ್ಧಿ ಹೋಗಿಲ್ಲ, ವೇಗ ಕುಗ್ಗಿದೆ ಎಂಬುದು ಅವತ್ತು ತಿಳಿಯಿತು, ಎದೆಯ ಭಾರ ಅರ್ಧ ಇಳಿಯಿತು.

ಎಂಎಸ್‌ನಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ನರತಂತುಗಳ ಮೇಲಿನ ಮಯಲಿನ್ ಪೊರೆಯನ್ನು ತಿನ್ನುತ್ತದೆ. ಸಂದೇಶ ನಿಧಾನವಾಗುತ್ತದೆ. ಮಿದುಳಿನ ಒಳಗಿನ ಥಲಾಮಸ್, ನೆನಪಿಗೆ ಬೇಕಾದ ಹಿಪೊಕ್ಯಾಂಪಸ್ ಕೂಡ ಸೊರಗಬಹುದು. ಆರೋಗ್ಯವಂತರ ಮಿದುಳು ವರ್ಷಕ್ಕೆ ಶೇ. 0.1ರಿಂದ 0.3ರಷ್ಟು ಕುಗ್ಗಿದರೆ, ಚಿಕಿತ್ಸೆಯಿಲ್ಲದ ಎಂಎಸ್‌ನಲ್ಲಿ ಶೇ. 0.5ರಿಂದ 1.3ರವರೆಗೂ ಹೋಗುತ್ತದೆ. ಕಾಯಿಲೆ ಹತೋಟಿಯಲ್ಲಿಡುವ ಔಷಧವನ್ನು ಬೇಗ ಶುರುಮಾಡಿ ಎನ್ನುವುದು ಇದಕ್ಕೇ. ಎಂಎಸ್ ಇರುವವರಲ್ಲಿ ನೂರಕ್ಕೆ 40ರಿಂದ 65 ಮಂದಿಗೆ ಯೋಚನೆ, ನೆನಪಿನ ಇಂಥ ತೊಂದರೆ ಒಂದಲ್ಲ ಒಂದು ಮಟ್ಟದಲ್ಲಿರುತ್ತದೆ. ಪ್ಯಾರಿಸ್ಸಿನ ವೈದ್ಯ ಷಾರ್ಕೊ 19ನೇ ಶತಮಾನದಲ್ಲೇ ರೋಗಿಗಳ ನೆನಪು ಕುಂದುವುದನ್ನು ಬರೆದಿಟ್ಟಿದ್ದರು. ಆದರೂ ಎಂಎಸ್ ಎಷ್ಟು ಬಾಧಿಸಿದೆ ಎಂದು ಅಳೆಯುವ ಮುಖ್ಯ ಮಾಪನ ಇಂದಿಗೂ ಹೆಚ್ಚಾಗಿ ನಡಿಗೆಯನ್ನೇ ಲೆಕ್ಕಕ್ಕೆ ಹಿಡಿಯುತ್ತದೆ. ಇದು ನನಗೆ ಅನ್ಯಾಯವೆಂದೇ ಕಾಣುತ್ತದೆ.

ಎಲ್ಲ ಮರೆವನ್ನೂ ಎಂಎಸ್ ತಲೆಗೇ ಕಟ್ಟಬಾರದು ಎಂಬುದೂ ಗೊತ್ತಾಯಿತು. ಥೈರಾಯ್ಡು, ಬಿ12 ಕೊರತೆ, ನಿದ್ದೆಗೇಡು, ಖಿನ್ನತೆ, ಇವು ಜೊತೆಗೂಡಿದ್ದರೆ ಮಂಕು ಹೆಚ್ಚುತ್ತದೆ, ಇವಕ್ಕೆಲ್ಲ ಚಿಕಿತ್ಸೆಯಿದೆ. ಬಿಸಿಲಿಗೆ ನರದ ಸಂದೇಶ ಇನ್ನೂ ನಿಧಾನವಾಗುವುದರಿಂದ ಮಾರ್ಚ್, ಏಪ್ರಿಲ್‌ನಲ್ಲಿ ಲೆಕ್ಕದ ಕೆಲಸವನ್ನು ತಂಪು ಹೊತ್ತಿನಲ್ಲೇ ಮುಗಿಸುತ್ತೇನೆ.

ಡೇರಿ ಅಧ್ಯಕ್ಷರ ಹತ್ತಿರ ಬಾಯಿಬಿಟ್ಟೇ ಹೇಳಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಎಂಎಸ್ ಕೂಡ ಇದೆ ಎಂದು ತೋರಿಸಿದೆ. ಈಗ ಹಾಲು ಅಳೆಯುವಾಗ ಬೇರೆ ಮಾತಿಲ್ಲ. ಬಟವಾಡೆ ದಿನಾಂಕವನ್ನು ಬೋರ್ಡಿನ ಮೇಲೆ ಬರೆದಿರುತ್ತೇನೆ.

ನಿಮ್ಮ ಮನೆಯಲ್ಲಿ ಎಂಎಸ್ ಇರುವವರಿದ್ದರೆ, ಡಾಕ್ಟರು ಕಾಲು ನೋಡಿ ಮುಗಿಸಿದ ಮೇಲೆ ಎದ್ದುಬಿಡಬೇಡಿ. ಆ 90 ಸೆಕೆಂಡಿನ ಪರೀಕ್ಷೆಯನ್ನು ವರ್ಷಕ್ಕೊಮ್ಮೆಯಾದರೂ ಮಾಡಿ ಎಂದು ಕೇಳಿ, ಹಿಂದಿನ ವರ್ಷದ ಅಂಕವನ್ನು ಜೊತೆಗೇ ಒಯ್ಯಿರಿ.