ಕಸಿ ಮೂತ್ರಪಿಂಡಕ್ಕೆ ಒಂದೇ ಅಳತೆಗೋಲು

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯವರು ಮೂತ್ರಪಿಂಡ ಕಸಿಗೆ ದೂರದ ದೊಡ್ಡ ಊರಿಗೆ ಹೋಗಿಬಂದಿದ್ದರೆ, ಅವರ ಮನೆಯವರು ಈ ವಿಷಯ ತಿಳಿದಿರಬೇಕು.

ಕಸಿಯಾದ ಮೇಲೆ ರಕ್ತದಲ್ಲಿ ಕ್ರಿಯಾಟಿನಿನ್ ಏರಲು ಕಾರಣಗಳು ಹಲವು. ದೇಹವು ಹೊಸ ಅಂಗವನ್ನು ತಿರಸ್ಕರಿಸುತ್ತಿರಬಹುದು. ತಿರಸ್ಕಾರ ತಡೆಯಲು ಕೊಟ್ಟ ಔಷಧಿಯೇ ಅದಕ್ಕೆ ವಿಷವಾಗಿರಬಹುದು. ಮೊದಲನೆಯದಕ್ಕೆ ಔಷಧಿ ಹೆಚ್ಚಿಸಬೇಕು, ಎರಡನೆಯದಕ್ಕೆ ಇಳಿಸಬೇಕು. ನಿರ್ಣಯ ತಪ್ಪಿದರೆ ಅಂಗವೇ ಹೋದೀತು. ಆದ್ದರಿಂದಲೇ ವೈದ್ಯರು ಬಯಾಪ್ಸಿ ಮಾಡಿಸುತ್ತಾರೆ. ಅಂದರೆ, ಸೂಜಿಯಿಂದ ಮೂತ್ರಪಿಂಡದ ಚಿಕ್ಕ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ.

ಹಿಂದೆ ಒಂದೇ ಚೂರನ್ನು ನೋಡಿದ ತಜ್ಞರು ಬೇರೆ ಬೇರೆ ಅಭಿಪ್ರಾಯ ಕೊಡುವುದಿತ್ತು. ಈ ಗೊಂದಲ ನಿವಾರಿಸಲು 1991ರಲ್ಲಿ ಕೆನಡಾದ ಬಾನ್ಫ್ ಎಂಬ ಊರಿನಲ್ಲಿ ಕಿಮ್ ಸೊಲೆಜ್, ಲೊರೇನ್ ರಾಕುಸೆನ್ ಮೊದಲಾದ ಹಲವು ದೇಶಗಳ ತಜ್ಞರು ಸೇರಿದರು. ಅವರು ರೂಪಿಸಿದ ನಿಯಮಗಳು 1993ರಲ್ಲಿ ಪ್ರಕಟವಾದವು. ಅನಂತರದ ಸಭೆಗಳಲ್ಲಿ ಅವು ತಿದ್ದುಪಡಿಯಾಗುತ್ತ ಬಂದಿವೆ. ಈಗಿನ ನಿಯಮದಂತೆ ಚೂರಿನಲ್ಲಿ ರಕ್ತ ಸೋಸುವ ಗ್ಲೊಮೆರುಲಸ್‌ಗಳು ಕನಿಷ್ಠ 10, ಅಪಧಮನಿಗಳು 2 ಇದ್ದರೆ ಅದು ಪರೀಕ್ಷೆಗೆ ಸಾಕು. ಸೂಕ್ಷ್ಮ ನಾಳಗಳ ಉರಿಯೂತ ಮುಂತಾದವುಗಳಿಗೆ 0ಯಿಂದ 3ರವರೆಗೆ ಅಂಕ ಕೊಡುತ್ತಾರೆ. ಹೀಗಾಗಿ ಒಂದೂರಿನ ವರದಿ ಇನ್ನೊಂದೂರಿನ ವೈದ್ಯರಿಗೂ ಅರ್ಥವಾಗುತ್ತದೆ.

ನೀವು ಮಾಡಬೇಕಾದದ್ದು ಇಷ್ಟು: ಬಯಾಪ್ಸಿ ವರದಿಯ ಪ್ರತಿಯನ್ನು ಕೇಳಿ ಪಡೆದು ಜೋಪಾನವಾಗಿಡಿ. ರಕ್ತಪರೀಕ್ಷೆಯ ದಿನ ತಪ್ಪಿಸಬೇಡಿ. ಮೂತ್ರ ಕಡಿಮೆಯಾದರೆ, ಕಾಲು ಊದಿದರೆ, ಜ್ವರ ಬಂದರೆ ತಡಮಾಡದೆ ವೈದ್ಯರನ್ನು ಕಾಣಿ. ಆರೋಗ್ಯವಾಗಿದ್ದೇವೆಂದು ಮಾತ್ರೆಗಳನ್ನು ಮಾತ್ರ ಎಂದಿಗೂ ನೀವಾಗಿಯೇ ನಿಲ್ಲಿಸಬೇಡಿ.